ಮೂರನೇ ತಾರೀಖಿನ ಫೋಟೊ

ಶಿವಪುತ್ರಪ್ಪನವರು ಕ್ಯಾಮೆರಾದಿಂದ ಸೆಲ್ಲು ತೆಗೆದಿಡದೆ ಒಂದು ದಿನವೂ ಮಲಗಿದವರಲ್ಲ. ಎರಡು ಪೆನ್ಸಿಲ್ ಸೆಲ್ಲನ್ನು ಒರೆಸಿ, ಸ್ಟೀಲಿನ ಅಡಿಕೆ ಡಬ್ಬಿಯಲ್ಲಿಟ್ಟು, ಆಮೇಲೆ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಒಳಗೇ ಬಿಟ್ಟರೆ ಸೆಲ್ಲು ಸೋರಿ ಕ್ಯಾಮೆರಾ ಕೆಡುತ್ತದೆ ಅನ್ನುವುದು ಅವರ ಭಯ. ಮುಂಬೈ ಹತ್ತಿರದ ಮಹಾಪೆಯ ಒಂದು ಪಂಪು ಕಾರ್ಖಾನೆಯಲ್ಲಿ ಅವರು ಕ್ವಾಲಿಟಿ ಇನ್‌ಸ್ಪೆಕ್ಟರು. ಬಂದ ಮಾಲಿನಲ್ಲಿ ಮೊದಲು ಕೆಡುಕು ಹುಡುಕುವುದೇ ಕೆಲಸ, ಆ ಸ್ವಭಾವ ಮನೆಗೂ ಬಂದಿತ್ತು. ಆದರೆ ಸೆಲ್ಲು ತೆಗೆದ ಕೂಡಲೇ ಆ ಕ್ಯಾಮೆರಾ ತಾರೀಖು ಮರೆತುಬಿಡುತ್ತಿತ್ತು. ಮತ್ತೆ ಹಾಕಿದಾಗ ದಿನ, ತಿಂಗಳು, ವರ್ಷ ಕೇಳುತ್ತಿತ್ತು. ಇವರು ಬಾಣದ ಗುಂಡಿಯನ್ನು ಟಕಟಕ ಒತ್ತಿ, ಎಲ್ಲಿ ನಿಂತಿತೋ ಅಲ್ಲಿಗೆ ಓಕೆ ಮಾಡುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲು ವಾಪಸ್ ಕಳಿಸುವ ಮನುಷ್ಯ, ತಿಂಗಳುಗಟ್ಟಲೆ ತಪ್ಪನ್ನು ಫೋಟೊದ ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಅಚ್ಚು ಹಾಕಿಸಿ ಊರೆಲ್ಲ ಹಂಚುತ್ತಿದ್ದರು. ಕೇಳಿದರೆ, “ಮಾರಿ ಚಂದ ಬಂದೈತಿಲ್ರಿ? ತಾರೀಖು ಯಾವನರ ನೋಡ್ತಾನ?” ಅನ್ನುತ್ತಿದ್ದರು.

ಡೊಂಬಿವಲಿ ಪೂರ್ವದಲ್ಲಿ, ಮಾನಪಾಡಾ ರಸ್ತೆಯ ಒಂದು ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ನಮ್ಮಿಬ್ಬರ ಬಾಗಿಲು ಎದುರುಬದುರು. ನಾನು ಮೈಸೂರಿನವಳು. ನಮ್ಮನೆಯವರಿಗೆ ಠಾಣೆಯಲ್ಲಿ ಫೈನಾನ್ಸ್ ಕಂಪನಿಯ ಕೆಲಸ. ನಾನು ಮನೆಯಲ್ಲೇ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳಿಕೊಡುತ್ತೇನೆ. ಅವರು ವಿಜಾಪುರದ ಕಡೆಯ ಒಂದು ಹಳ್ಳಿಯವರು. ಮೊದಲ ವರ್ಷ ನಾವಿಬ್ಬರೂ ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಥವಾಗದೆ ಹಿಂದಿಯಲ್ಲಿ ಮಾತಾಡಿದ್ದೂ ಉಂಟು. ಅವರ ಹೆಂಡತಿ ಚಂದ್ರಬಾಯಿ ರೊಟ್ಟಿ ಬಡಿಯುವ ಸದ್ದಿಗೇ ನಮ್ಮ ಮನೆಯಲ್ಲಿ ಬೆಳಗಾಗುತ್ತಿತ್ತು. ಮಗಳು ಸ್ನೇಹಲ್ ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಬೈದರೂ ಮರಾಠಿಯಲ್ಲೇ ಉತ್ತರ ಕೊಡುವ ಹುಡುಗಿ.

ಫೋಟೊ ಅವರಿಗೆ ದಂಧೆಯಲ್ಲ, ಹುಚ್ಚು. ಭಾನುವಾರ ಬೆಳಿಗ್ಗೆ ನೆರೂಳಿನ ಖಾಡಿ, ಅಂದರೆ ಸಮುದ್ರದ ಹಿನ್ನೀರಿನ ದಂಡೆಗೆ ಹೋಗಿ ಹಕ್ಕಿಗಳಿಗಾಗಿ ಕೆಸರಲ್ಲಿ ನಿಲ್ಲುತ್ತಿದ್ದರು. ಲೋಕಲ್ ಗಾಡಿಯಲ್ಲಿ ಸೊಪ್ಪು ಬಿಡಿಸುವ ಹೆಂಗಸರ ಬೆರಳುಗಳ ಫೋಟೊ ತೆಗೆಯಲು ಅವರು ಸ್ಟೇಶನ್‌ಗಟ್ಟಲೆ ನಿಂತು ಅನುಮತಿ ಕೇಳಿದ್ದನ್ನು ನಾನೇ ಕಂಡಿದ್ದೇನೆ. ಕನ್ನಡ ಸಂಘದ ಕಾರ್ಯಕ್ರಮಗಳಿಗೆಲ್ಲ ಪುಕ್ಕಟೆ ಫೋಟೊಗ್ರಾಫರ್ ಅವರೇ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ್ದರಿಂದ ಫೋಟೊಗಳೆಲ್ಲ ನಮ್ಮ ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿನಲ್ಲಿ ಇರುತ್ತಿದ್ದವು.

ಫೋಟೊ ಬಿಟ್ಟರೆ ಅವರಿಗೆ ಇದ್ದದ್ದು ಪೂಜೆ. ಕಂಪನಿ ಬಸ್ಸಿಗೆ ಹೋಗುವ ಮುಂಚೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದರು. ಅದನ್ನು ನೋಡುತ್ತಲೇ ಕೂರಬೇಕು, ಕಣ್ಣು ಕದಲಬಾರದು. ನಮ್ಮ ಅತ್ತೆ ಶಾಂತಮ್ಮನವರು ಹಾಲು ಕೇಳಲು ಹೋದಾಗ ಒಮ್ಮೆ ಅದನ್ನು ಕಂಡು, “ಅಬ್ಬಾ, ಆ ಮನುಷ್ಯನ ಕಣ್ಣೇ ಮಿಟುಕಲಿಲ್ಲ ಕಣೇ” ಅಂದಿದ್ದರು.

ಊರಿನ ರಾಜಕೀಯ ಫೋನಿನಲ್ಲಿ ಬರುತ್ತಿತ್ತು. ಅಣ್ಣ ಬಾಲಪ್ಪ ಗ್ರಾಮ ಪಂಚಾಯಿತಿಗೆ ನಿಲ್ಲುವವನು. ಎದುರಾಳಿ ಮಹಾದೇವಪ್ಪ, ಅದೇ ಊರಿನ ಹಿಟ್ಟಿನ ಗಿರಣಿಯ ಮಾಲೀಕ. ಅಪ್ಪ ಸತ್ತಾಗ ಶಿವಪುತ್ರಪ್ಪನವರಿಗೆ ಹನ್ನೊಂದು ವರ್ಷ. ತಾನು ಶಾಲೆ ಬಿಟ್ಟು ದುಡಿದು ತಮ್ಮನನ್ನು ಐಟಿಐ ಓದಿಸಿದವನು ಬಾಲಪ್ಪ. ಅಣ್ಣನ ಫೋನು ಬಂದರೆ ಐವತ್ತರ ಹತ್ತಿರದ ಈ ಮನುಷ್ಯ ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಿದ್ದರು. ನನಗೆ ಅದು ತಮಾಷೆ ಅನ್ನಿಸುತ್ತಿತ್ತು.

2010ರ ಶಿವರಾತ್ರಿಗೆ ಅವರು ಊರಿಗೆ ಹೋದರು. ಮಹಾದೇವಪ್ಪನದು ಪ್ರತಿ ವರ್ಷ ಶಿವರಾತ್ರಿಯ ಮರುದಿನ, ತೀರಿಹೋದ ತಾಯಿಯ ಹೆಸರಲ್ಲಿ, ತನ್ನ ಹೊಲಕ್ಕೆ ಕೂಲಿಗೆ ಬರುವ ಹೆಂಗಸರಿಗೆ ಸೀರೆ ಕೊಡುವ ರೂಢಿ. ಆ ವರ್ಷವೂ ಗಿರಣಿ ಕಟ್ಟೆಯ ಮೇಲೆ ಕೊಟ್ಟ. ಮುಂಬೈಯಿಂದ ಬಂದ ಫೋಟೊಗ್ರಾಫರ್ ಎಂದು ಇವರನ್ನೂ ಕರೆದ. ಇವರು ಒಂದು ಒಳ್ಳೆಯ ಫೋಟೊ ತೆಗೆದರು: ಒಬ್ಬ ಮುದುಕಿ ಸೀರೆಯನ್ನು ಕೆನ್ನೆಗೆ ಒತ್ತಿಕೊಂಡಿದ್ದಾಳೆ, ಪಕ್ಕದಲ್ಲಿ ಮಹಾದೇವಪ್ಪ ಕೈಮುಗಿದು ನಿಂತಿದ್ದಾನೆ. ಏಪ್ರಿಲ್‌ನಲ್ಲಿ ಪ್ರಿಂಟು ಹಾಕಿಸಿ ಊರಿನ ಬಸ್ಸಿನಲ್ಲಿ ಅಣ್ಣನ ಮನೆಗೆ ಕಳಿಸಿದರು. ಮೂಲೆಯಲ್ಲಿ 03.05.2010 ಎಂದಿತ್ತು. ದಿನವಂತೂ ಸರಿಯಿರಲಿಲ್ಲ; ತಿಂಗಳಿಗೆ ಫೆಬ್ರವರಿಯ ಎರಡರ ಬದಲು ಬೆರಳು ಐದರ ತನಕ ಒತ್ತಿತ್ತು, ಅಷ್ಟೇ.

ಮೇ ಎರಡನೇ ವಾರ ಚುನಾವಣೆಯಾಯಿತು. ಬಾಲಪ್ಪ ಏಳು ವೋಟಿಗೆ ಸೋತ. ಸೋತು ಮನೆಯಲ್ಲಿ ಕೂತವನ ಕಣ್ಣಿಗೆ ಆ ಕಿತ್ತಳೆ ಅಂಕಿ ಬಿತ್ತು. ಮೇ ಮೂರು ಅಂದರೆ ಚುನಾವಣೆಗೆ ಒಂದು ವಾರ ಮುಂಚೆ. ಅಭ್ಯರ್ಥಿ ಹೆಂಗಸರಿಗೆ ಸೀರೆ ಹಂಚುತ್ತಿದ್ದಾನೆ! ಫೋಟೊ ತನ್ನ ಕೈಗೆ ಏಪ್ರಿಲ್‌ನಲ್ಲೇ ಬಂದದ್ದು ಬಾಲಪ್ಪನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿತ್ತು. ತಾಲೂಕಿನ ಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಿಸಿ ತಮ್ಮನಿಗೆ ಫೋನು ಮಾಡಿದ. ಮಹಾದೇವಪ್ಪ ಅದು ಶಿವರಾತ್ರಿಯ ಫೋಟೊ ಅನ್ನುತ್ತಾನೆ; ಶಿವರಾತ್ರಿಗೂ ಕೊಟ್ಟ, ಚುನಾವಣೆಗೂ ಕೊಟ್ಟ ಅಂತ ನಾವು ಅನ್ನುತ್ತೇವೆ; ತೆಗೆದವನು ನೀನು, ತಾರೀಖು ಖರೆ ಐತಿ ಅಂತ ಬಂದು ಒಂದು ಮಾತು ಹೇಳು ಸಾಕು, ಅಂದ.

ಅವತ್ತು ಸಂಜೆ ಅವರು ನಮ್ಮ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತರು, ನಾನು ಫೋಲ್ಡರು ತೆರೆದು ತೋರಿಸಿದೆ. ಫೋಟೊಗಳ ನಂಬರು ಸಾಲಾಗಿ ಇದ್ದವು. ಸೀರೆಯ ಫೋಟೊ ಆದಮೇಲೆ ಹೋಳಿ, ಹೋಳಿ ಆದಮೇಲೆ ಸಂಘದ ಯುಗಾದಿ. ಮೂರು ವರ್ಷದ ಮಗುವಿಗೂ ತಿಳಿಯುವಷ್ಟು ಸ್ಪಷ್ಟ. ಅಲ್ಲದೆ ಮೇ ಮೂರನೇ ತಾರೀಖು ಸಂಜೆ ಅವರು ಇದ್ದದ್ದು ನಮ್ಮ ಮನೆಯಲ್ಲಿ. ಅವತ್ತು ಅತ್ತೆಗೆ ಎಪ್ಪತ್ತೈದು ತುಂಬಿತ್ತು, ಅವರೇ ಫೋಟೊ ತೆಗೆದು, ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡಿದ್ದರು.

“ಇದಕ್ಕೆ ಇಷ್ಟೊಂದು ಯೋಚನೆ ಯಾಕೆ? ತಾರೀಖು ತಪ್ಪು ಅಂತ ಹೇಳಿಬಿಡಿ” ಅಂದೆ. ಹೇಳುವುದು ಎಷ್ಟು ಸುಲಭ ಆಗ ನನಗೆ!

“ಹೇಳ್ತೀನ್ರಿ ಅಕ್ಕಾರ. ಲಿಂಗ ಕಟ್ಕೊಂಡ ಮೈ, ಸುಳ್ಳು ಹ್ಯಾಂಗ ಹೇಳ್ಲಿ? ಅಣ್ಣ ನಾಕ ದಿನ ಸಿಟ್ಟಾಗ್ತಾನ, ಆಮ್ಯಾಲ ತಣ್ಣಗಾಗ್ತಾನ.”

ಮರುದಿನ ಎದ್ದು ನಿಂತೇ ಅಣ್ಣನಿಗೆ ಫೋನಿನಲ್ಲಿ ಹಾಗೆಂದರು. ಬಾಲಪ್ಪ ಸಿಟ್ಟಾಗಲಿಲ್ಲವಂತೆ. “ವಿಚಾರ ಮಾಡು ತಮ್ಮಾ, ಇನ್ನಾ ಟೈಮ್ ಐತಿ” ಅಂದು ಇಟ್ಟನಂತೆ.

ಆ ವಾರದಿಂದ ಫೋನು ಶುರುವಾಯಿತು. ಗೊತ್ತಿಲ್ಲದ ನಂಬರು. ಎತ್ತಿದರೆ ಆ ಕಡೆ ಉಸಿರು ಬಿಟ್ಟರೆ ಏನೂ ಇಲ್ಲ. ಸಂಜೆ ಒಂದು, ಬೆಳಿಗ್ಗೆ ಒಂದು. ಚಂದ್ರಬಾಯಿ ಎತ್ತಿದಾಗಲೂ ಅದೇ. ಮಹಾದೇವಪ್ಪನ ಕಡೆಯವರೇ ಇರಬೇಕು ಅಂದುಕೊಂಡೆವು. ಇವರು ನಿಜ ಹೇಳಲಿದ್ದಾರೆಂದು ಅವನಿಗೇನು ಗೊತ್ತು? ಬಾಲಪ್ಪನ ತಮ್ಮ ಕೋರ್ಟಿಗೆ ಬರುತ್ತಾನೆ ಅನ್ನುವುದಷ್ಟೇ ಗೊತ್ತು. “ನೀವೇ ಅವನಿಗೆ ಫೋನು ಮಾಡಿ ಹೇಳಿಬಿಡಿ” ಅಂದೆ. ಅಣ್ಣನಿಗೆ ಗೊತ್ತಾದರೆ ಊರ ಬಾಗಿಲೇ ಮುಚ್ಚುತ್ತದೆ ಅಂದರು.

ಒಂದು ಭಾನುವಾರ ಇಬ್ಬರು ಗಂಡಸರು ಕೆಳಗೆ ವಾಚ್‌ಮನ್ನನ್ನು “ಫೋಟೊವಾಲೆ ಕಾಕಾ ಕಿಧರ್ ರೆಹತೆ?” ಎಂದು ಅವರ ಮನೆ ವಿಚಾರಿಸಿದರು. ಅದು ಮೇಲಿನವರೆಗೆ ಕೇಳಿಸಿದ್ದಷ್ಟಕ್ಕೇ ಚಂದ್ರಬಾಯಿ ಒಳಗಿಂದ ಮೂರು ಚಿಲಕ ಹಾಕಿ, ಸ್ನೇಹಲ್‌ಳನ್ನು ಬಾತ್‌ರೂಮಿಗೆ ನೂಕಿ ಕೂತಳು. ನಾನು ನಮ್ಮ ಬಾಗಿಲ ಕಿಂಡಿಯಿಂದ ನೋಡಿದೆ. ಇಬ್ಬರೂ ಬೆಲ್ಲು ಒತ್ತಿ ಒತ್ತಿ ಸಾಕಾಗಿ ಹೋದರು. ಆಮೇಲೆ ತಿಳಿಯಿತು, ಅವರು ಪಕ್ಕದ ಗಲ್ಲಿಯ ಗಣಪತಿ ಮಂಡಲದವರು, ರಕ್ತದಾನ ಶಿಬಿರದ ಫೋಟೊ ತೆಗೆಯಲು ಕರೆಯಲು ಬಂದಿದ್ದರು. ನಾವು ನಕ್ಕೆವು, ನಿಜ. ಆದರೆ ಮೂರನೇ ಚಿಲಕ ಆಮೇಲೂ ತೆಗೆಯಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ, ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ, ಅವರ ಮೊಬೈಲಿಗೆ ಅದೇ ಗೊತ್ತಿಲ್ಲದ ನಂಬರಿನಿಂದ ಒಂದು ಫೋಟೊ ಬಂತು. ಡೊಂಬಿವಲಿ ಸ್ಟೇಶನ್ನಿನ ಸೇತುವೆ. ಜನರ ನಡುವೆ ಎರಡು ಜಡೆಯ ಹುಡುಗಿ, ಹಿಂದಿನಿಂದ ತೆಗೆದದ್ದು, ಬೆನ್ನ ಮೇಲೆ ಕಾಲೇಜಿನ ಬ್ಯಾಗು. ಸ್ನೇಹಲ್. ಒಂದು ಅಕ್ಷರವೂ ಜೊತೆಗಿರಲಿಲ್ಲ.

ಹಾಫ್ ಡೇ ಹಾಕಿ ಶೀಲ್ ಫಾಟಾದ ರಸ್ತೆಯಲ್ಲಿ ರಿಕ್ಷಾ ಮಾಡಿಕೊಂಡು ಬಂದರು. ಬಂದವರೇ ನನಗೆ ಫೋನು ತೋರಿಸಿದರು.

“ಅಕ್ಕಾರ, ಇದನ್ನ ತಗದಾಂವ ನನ್ನ ಮಗಳಿಂದ ನಾಕ ಮಾರು ಹಿಂದ ನಿಂತಾನ್ರಿ. ನನಗ ಗೊತ್ತಾಗ್ತೈತಿ, ಫೋಟೊ ತಗಿಯಾಂವಗ ಗೊತ್ತಾಗ್ತೈತಿ. ನಾಕ ಮಾರು.”

ಪೊಲೀಸರಿಗೆ ಹೇಳೋಣ ಅಂದೆ. ಏನಂತ ಹೇಳುವುದು, ಸ್ಟೇಶನ್ನಿನಲ್ಲಿ ಯಾರೋ ಫೋಟೊ ತೆಗೆದರು ಅಂತಲೇ? ಅಂದರು. ಅಣ್ಣನಿಗೆ ಫೋನು ಮಾಡಿದರು. ಅವನ ದನಿ ನನಗೂ ಕೇಳುತ್ತಿತ್ತು. “ನೋಡಿದಿಲ್ಲ, ಎಂಥಾ ಮಂದಿ ಅದಾರ? ಈಗ ನೀ ಹಿಂದ ಸರದ್ರ ಅಂಜ್ಯಾನ ಅಂತ ತಿಳಕೊಂಡು ಜೀವನಪೂರ್ತಿ ಕಾಡ್ತಾರ. ಕುರ್ಚಿ ನನ್ನ ಕೈಗೆ ಬರ್ಲಿ, ನಿನ್ನ ಮಗಳ ಕಡೆ ಯಾವನೂ ಕಣ್ಣೆತ್ತಿ ನೋಡಾಂಗಿಲ್ಲ. ನಾ ಅದೀನಿ.”

ಆ ‘ನಾ ಅದೀನಿ’ ಕೇಳಿ ಅವರು ಅತ್ತೇ ಬಿಟ್ಟರು. ಹನ್ನೊಂದು ವರ್ಷದ ಹುಡುಗನಿಗೂ ಅಣ್ಣ ಅದನ್ನೇ ಹೇಳಿದ್ದನಂತೆ. ಕಣ್ಣೊರೆಸಿಕೊಂಡು, ಆ ಫೋಟೊಗಳನ್ನೆಲ್ಲ ತೆಗೆದುಹಾಕಿ ಅಂದರು. ಶಿವರಾತ್ರಿ, ಹೋಳಿ, ಯುಗಾದಿ, ನಮ್ಮ ಅತ್ತೆಯ ಪಾಯಸದ ದಿನ, ಎಲ್ಲ. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅದೇ ಸೇತುವೆಯ ಮೇಲೆ ನನ್ನ ಮಗ ಚಿನ್ನುವೂ ದಿನಾ ಸ್ಕೂಲಿಗೆ ಹೋಗುತ್ತಾನೆ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಆ ತಿಂಗಳುಗಳನ್ನೆಲ್ಲ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಅತ್ತೆಯ ಒಂದು ಪ್ರಿಂಟು ಮಾತ್ರ ಗೋಡೆಯಲ್ಲಿ ಉಳಿಯಿತು. ಅದರ ಮೂಲೆಯಲ್ಲಿ ಅದ್ಯಾವುದೋ ಜನವರಿ ತಿಂಗಳಿತ್ತು.

ಮುಂದಿನ ವರ್ಷ ಸಾಕ್ಷಿಯ ಸರದಿ ಬಂತು. ಕಲ್ಯಾಣದಲ್ಲಿ ಸೊಲ್ಲಾಪುರದ ಗಾಡಿ ಹತ್ತಿ ಹೋದರು. ಬಂದ ನಾಲ್ಕನೇ ದಿನ ಲಿಫ್ಟು ಕೆಟ್ಟು ಮೆಟ್ಟಿಲಲ್ಲಿ ಸಿಕ್ಕಾಗ ತಾವಾಗಿಯೇ ಹೇಳಿದರು.

“ಸತ್ಯಾನ ಹೇಳ್ತೀನಿ ಅಂತ ಬಾಯಿಲೆ ಅಂದ್ರ ಸಾಕಿತ್ರಿ. ಲಿಂಗ ಮುಟ್ಟು ಅಂತ ಯಾರೂ ಹೇಳಿದ್ದಿಲ್ಲ. ಖರೇ ಮಾತು ಆಡೂ ಮುಂದ ನಮಗ ಎದಿ ಮ್ಯಾಲ ಕೈ ಇಡೂ ರೂಢಿ. ಕೈ ತಾನ ಹೋತು. ಕರಡಿಗಿ ಹಿಡ್ಕೊಂಡ ಹೇಳಿಬಿಟ್ಟೆ, ಮೇ ಮೂರು ಅಂತ.”

ಲಾಯರು ಹೇಳಿಕೊಟ್ಟ ಸುಳ್ಳಿಗೆ ಅವರು ತಯಾರಾಗಿಯೇ ಹೋಗಿದ್ದರು. ಕೈಗೆ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಮಗಳಿಗಾಗಿ ಹೇಳಿದ್ದಲ್ವಾ ಅಂದೆ. ಅವರು ತಲೆಯಾಡಿಸಿ ಮೆಟ್ಟಿಲು ಹತ್ತಿದರು.

ಅವತ್ತಿನಿಂದ ಪೂಜೆಗೆ ಕೂತರೂ ಅವರು ಲಿಂಗದ ಕಡೆ ನೋಡುತ್ತಿರಲಿಲ್ಲ ಎಂದು ಚಂದ್ರಬಾಯಿ ಹೇಳಿದಳು. ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ, ಮೇಲೆ ಇನ್ನೊಂದು ಕೈ ಮುಚ್ಚುತ್ತಾರೆ, ಕಣ್ಣು ಮುಚ್ಚಿಕೊಂಡು ಗಡಗಡ ಮುಗಿಸಿ ಏಳುತ್ತಾರೆ. “ಮುಚ್ಚಿಟ್ಟ ಪೂಜಿ ಎಲ್ಲೆರ ಐತೇನ್ರಿ ಅಕ್ಕಾರ?” ಎಂದು ಅವಳು ನನ್ನನ್ನು ಕೇಳಿದಳು. ಭಾನುವಾರದ ನೆರೂಳು ನಿಂತಿತು. ಈಗ ದಿನಾ ಬೆಳಿಗ್ಗೆ ಕಂಪನಿ ಬಸ್ಸಿಗೆ ಮುಂಚೆ ಅವರು ಮಗಳನ್ನು ಕಾಲೇಜಿಗೆ ಬಿಡಲು ಹೋಗಿ, ಸೇತುವೆಯ ಮೇಲೆ ನಿಂತು ಹಿಂದೆ ಬರುವವರ ಮುಖ ನೋಡುತ್ತಿದ್ದರು. ಕಾಲೇಜಿನ ಹುಡುಗಿಯರೆಲ್ಲ ನಗುತ್ತಾರೆಂದು ಸ್ನೇಹಲ್ ಅಪ್ಪನ ಮೇಲೆ ಕಿರುಚಾಡಿದ್ದು ನಮ್ಮ ಮನೆಗೆ ಕೇಳಿಸುತ್ತಿತ್ತು. ಅವಳಿಗೆ ಯಾಕೆಂದು ಇವರು ಹೇಳಿರಲಿಲ್ಲ.

2012ರಲ್ಲಿ ತೀರ್ಪಾಯಿತು. ಮಹಾದೇವಪ್ಪನ ಆಯ್ಕೆ ರದ್ದಾಯಿತು, ಮುಂದೆ ಬಾಲಪ್ಪ ಮೆಂಬರಾದ. ಊರಿಂದ ಪೇಢಾ ಬಂತು. ನಮ್ಮ ಮನೆಗೂ ನಾಲ್ಕು ಕೊಟ್ಟರು. ಫೋನುಗಳು ನಿಂತವು. ಅಣ್ಣ ಹೇಳಿದ ಹಾಗೆಯೇ ಆಯಿತು ಎಂದು ಚಂದ್ರಬಾಯಿ ಗೋಡೆಗೆ ಒರಗಿ ನಿಟ್ಟುಸಿರು ಬಿಟ್ಟಳು. ಇವರು ಮಾತ್ರ ಸೇತುವೆಗೆ ಹೋಗುವುದನ್ನು ಬಿಡಲಿಲ್ಲ.

ಬಾಲಪ್ಪನ ಮಗ ರವಿಕಿರಣ್ ಆ ವರ್ಷ ದೀಪಾವಳಿ ಆದಮೇಲೆ ಮಹಾಪೆಯಲ್ಲಿ ಕೆಲಸ ಹುಡುಕಿಕೊಂಡು ಬಂದು ಇವರ ಮನೆಯಲ್ಲೇ ಉಳಿದ. ಬಾಯಿ ತುಂಬ ನಗುವ ಹುಡುಗ. ಸ್ನೇಹಲ್‌ಗೆ ಹಾಡು ಬೇಕಿತ್ತು, ತನ್ನ ಹಳೇ ಫೋನನ್ನು ಅವಳ ಕೈಗೆ ಕೊಟ್ಟು, ಬ್ಲೂಟೂತಿನಲ್ಲಿ ಹಾಕ್ಕೋ ಅಂದ. ಹಾಡು ಹುಡುಕುತ್ತಾ ಅವಳು ಫೋಟೊಗಳ ಕಡೆ ಹೋಗಿಬಿಟ್ಟಳು.

“ಪಪ್ಪಾ, ಹಾ ಮಾಝಾ ಫೋಟೊ ಆಹೆ” ಅಂದಳಂತೆ. ನನ್ನ ಫೋಟೊ ಇವನ ಹತ್ತಿರ ಯಾಕಿದೆ ಅನ್ನುವ ಕುತೂಹಲ, ಅಷ್ಟೇ. ಸೇತುವೆ, ಎರಡು ಜಡೆ, ಬೆನ್ನ ಮೇಲಿನ ಬ್ಯಾಗು.

ರವಿಕಿರಣ್ ಏನೂ ಮುಚ್ಚಿಡಲಿಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು. “ಆಗ ಕಲ್ಯಾಣಕ್ಕ ರೇಲ್ವೆ ಪರೀಕ್ಷಾಕ್ಕ ಬಂದು ದೋಸ್ತನ ರೂಮಿನ್ಯಾಗ ಇದ್ನೆಲ್ರಿ ಕಾಕಾ. ಅಪ್ಪಾರು ಒಂದು ಹೊಸ ಸಿಮ್ ತಗೋ ಅಂದ್ರು. ಫೋನ್ ಹಚ್ಚಿ ಸುಮ್ಮ ಇರ್ತಿದ್ದಾಂವನೂ ನಾನ. ನೀವು ಗಟ್ಟಿ ನಿಂದರ್ಲಿ ಅಂತ, ಮತ್ತೇನಿಲ್ರಿ. ಸ್ನೇಹಲ್ ನಮ್ಮ ತಂಗಿ ಅಲ್ಲೇನ್ರಿ, ಅಕಿಗೇನರ ಮಾಡ್ತಿದ್ವೇನು?”

ಶಿವಪುತ್ರಪ್ಪನವರು ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಚಂದ್ರಬಾಯಿ ತಟ್ಟೆಗೆ ಹಾಕಿದ ರೊಟ್ಟಿಯನ್ನು ಅವನು ತಿಂದು ಮುಗಿಸುವ ತನಕ ಎದುರಿಗೆ ಕೂತು, ಆಮೇಲೆ ಅವನ ಚೀಲವನ್ನು ತಾವೇ ಎತ್ತಿಕೊಂಡು ಸ್ಟೇಶನ್ನಿಗೆ ಬಿಟ್ಟು ಬಂದರು. ಆಮೇಲೆ ಅಣ್ಣನಿಗೆ ಫೋನು ಮಾಡಿದರು. ಅವತ್ತು ಎದ್ದು ನಿಲ್ಲಲಿಲ್ಲ. ಎರಡೇ ಮಾತು: “ನನ್ನ ಮಗಳನ್ನ ತೋರಿಸಿ ನನ್ನ ಅಂಜಿಸಿದಿ. ನಾ ಕೋರ್ಟಿಗೆ ಹೋಗ್ತೀನಿ.”

ಮರುದಿನ ಒಂದು ಕಾಗದ ಹಿಡಿದು ನನ್ನ ಹತ್ತಿರ ಬಂದರು. ಅವರ ಅಕ್ಷರ ದುಂಡಗೆ, ಡ್ರಾಯಿಂಗ್ ಶೀಟಿನ ಮೇಲೆ ಬರೆದಂತೆ. ಫೋಟೊ ತೆಗೆದದ್ದು ಶಿವರಾತ್ರಿಯ ಮರುದಿನ, ಕೋರ್ಟಿನಲ್ಲಿ ನಾನು ಹೇಳಿದ್ದು ಸುಳ್ಳು, ಅದಕ್ಕೆ ಏನು ಶಿಕ್ಷೆಯೋ ಅದಕ್ಕೆ ಒಪ್ಪಿದ್ದೇನೆ. ಮೇ ಮೂರನೇ ತಾರೀಖು ಸಂಜೆ ನಾನು ಡೊಂಬಿವಲಿಯಲ್ಲಿದ್ದೆ ಎಂದು ಬರೆದಿದ್ದರು. ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದರು.

“ಫೋಟೊ ಎಲ್ಲಾ ಅಳಿಸಿವಿ, ನನ್ನ ಮಾತು ಈಗ ಯಾರು ನಂಬ್ತಾರ್ರಿ? ಅವತ್ತು ನಾ ನಿಮ್ಮ ಮನ್ಯಾಗ ಇದ್ನಿ ಅಂತ ನೀವೊಂದು ಸಹಿ ಮಾಡಿದ್ರ ಸಾಕು ಅಕ್ಕಾರ.”

ನನ್ನ ಕೈಯಲ್ಲಿ ಪೆನ್ನೂ ಇತ್ತು, ಆಗ ತಾನೇ ಮಕ್ಕಳ ಲೆಕ್ಕ ತಿದ್ದುತ್ತಿದ್ದೆ. “ನಮ್ಮನೆಯವರನ್ನ ಒಂದು ಮಾತು ಕೇಳ್ತೀನಿ” ಅಂದೆ. ಯಾವ ವಿಷಯಕ್ಕೂ ಅವರನ್ನು ಕೇಳಿದವಳಲ್ಲ ನಾನು. ಫ್ರಿಜ್ಜು ತಂದದ್ದೂ ಕೇಳದೆಯೇ. ಕೋರ್ಟು, ಸಮನ್ಸು, ಅಳಿಸಿದ್ದು ಯಾರು ಅನ್ನುವ ಪ್ರಶ್ನೆ, ಎಲ್ಲಿಯದೋ ಊರಿನ ಜನ ನಮ್ಮ ಬಾಗಿಲಿಗೆ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು.

“ನಿಮಗ ಯಾರ ಹೆದರಿಕಿ ಅಕ್ಕಾರ?” ಎಂದು ಅವರು ಕೇಳಿದರು. ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ನನಗೆ ಒಂದು ಹೆಸರೂ ಹೊಳೆಯಲಿಲ್ಲ.

ಅವರು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಆ ಖಾಲಿ ಸಾಲು ಖಾಲಿಯೇ ಹೋಯಿತು. ಊರಿಗೆ ಹೋಗಿ ಮೊದಲು ಮಹಾದೇವಪ್ಪನ ಮನೆಗೇ ಹೋದರಂತೆ. ಅವನಿಗೆ ಡೊಂಬಿವಲಿ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಈಗ ಸುಳ್ಳು ಸಾಕ್ಷಿಯ ಕೇಸು ಇವರ ಮೇಲೆಯೇ ನಡೆಯುತ್ತಿದೆ. ಎರಡು ತಿಂಗಳಿಗೊಮ್ಮೆ ಸೊಲ್ಲಾಪುರದ ಗಾಡಿ. ಬಾಲಪ್ಪ ಮಾತು ಬಿಟ್ಟಿದ್ದಾನೆ, ಊರಿನ ಮನೆಯಲ್ಲಿ ಇವರಿಗೆ ಇಳಿಯಲು ಜಾಗವಿಲ್ಲ, ಬಸ್‌ಸ್ಟ್ಯಾಂಡಿನ ಲಾಡ್ಜಿನಲ್ಲಿ ಉಳಿಯುತ್ತಾರೆ. ಸ್ನೇಹಲ್ ಒಬ್ಬಳೇ ಕಾಲೇಜಿಗೆ ಹೋಗುತ್ತಾಳೆ. ಎದುರು ಮನೆಯ ಬಾಗಿಲು ಮೊದಲಿನ ಹಾಗೆ ಹಗಲೆಲ್ಲ ತೆರೆದೇ ಇರುತ್ತದೆ. ಬೆಳಿಗ್ಗೆ ಹಾಲಿಗೆಂದು ಹೋದರೆ ಅವರು ಪೂಜೆಗೆ ಕೂತಿರುವುದು ಕಾಣುತ್ತದೆ. ಮೇಲಿನ ಕೈ ತೆಗೆದಿದ್ದಾರೆ, ನೋಡುತ್ತಿದ್ದಾರೆ.

ನಮ್ಮ ಬಾಗಿಲು ಮಾತ್ರ ಹಾಕಿರುತ್ತದೆ. ಬೆಲ್ಲಾದರೆ ನಾನು ಮೊದಲು ಕಿಂಡಿಯಲ್ಲಿ ನೋಡುತ್ತೇನೆ, ಪೋಸ್ಟಿನವನಾದರೆ ಅವನು ಹೋಗುವ ತನಕ ಬಾಗಿಲು ತೆಗೆಯುವುದಿಲ್ಲ. ಅವರ ಲಾಯರಿಗೆ ಒಮ್ಮೆ ಫೋನು ಮಾಡಿ, ನನ್ನ ಹೆಸರು ಎಲ್ಲಾದರೂ ಬಂದಿದೆಯೇ ಎಂದು ಕೇಳಿದೆ. ಫೋಟೊ ಅಳಿಸಿದ್ದು ಯಾರು ಎಂದು ಕೋರ್ಟಿನಲ್ಲಿ ಕೇಳಿದ್ದರಂತೆ. “ನಾನ ಅಳಿಸೀನ್ರಿ” ಅಂದರಂತೆ ಶಿವಪುತ್ರಪ್ಪನವರು. ಕಂಪ್ಯೂಟರು ಮುಟ್ಟಲೂ ಬಾರದ ಮನುಷ್ಯ, ಈ ಸಲ ಎದೆಯ ಮೇಲೆ ಕೈ ಇಡದೆ ಹಾಗೆ ಹೇಳಿದರಂತೆ.